ಬಾಯಿ ಹಾಕದೆ ಡೀಸೆಲ್ ಇಳಿಸುವುದು: ಕೈ ಸೈಫನ್ ಬಗ್ಗೆ ಒಂದಿಷ್ಟು

ಕೈ ಸೈಫನ್ ಎಂದರೆ ಡ್ರಮ್ಮಿನಂಥ ಪಾತ್ರೆಯ ದ್ರವವನ್ನು ತಗ್ಗಿನ ಕ್ಯಾನಿಗೆ ಇಳಿಸುವ ಪೈಪು, ಸಾಮಾನ್ಯವಾಗಿ ಅದರ ನಡುವೆ ಹಿಂಡುವ ರಬ್ಬರ್ ಉಂಡೆ ಇರುತ್ತದೆ. ಕೊಂಡವರು ಬಹಳ ಜನ ಅದನ್ನು ಪಂಪು ಅಂದುಕೊಂಡಿರುತ್ತಾರೆ. ಕ್ಯಾನು ತುಂಬುವವರೆಗೂ ರಬ್ಬರ್ ಉಂಡೆಯನ್ನು ಹಿಂಡುತ್ತಲೇ ಇರುತ್ತಾರೆ, ಕೈ ಸೋತ ಮೇಲೆ ಮಾಲು ಸರಿಯಿಲ್ಲ ಎನ್ನುತ್ತಾರೆ. ಹಿಂಡುವುದು ಪೈಪಿನೊಳಗಿನ ಗಾಳಿಯನ್ನು ಹೊರಗೆ ತಳ್ಳುವುದಕ್ಕೆ ಮಾತ್ರ. ಆಮೇಲಿನ ಕೆಲಸವೆಲ್ಲ ಎರಡು ಮಟ್ಟಗಳ ನಡುವಿನ ವ್ಯತ್ಯಾಸದ್ದು. ಹತ್ತು ಸಲ ಹಿಂಡಿದ ಮೇಲೂ ತಾನಾಗಿ ಹರಿಯದಿದ್ದರೆ ಜೋಡಣೆಯಲ್ಲೇ ಏನೋ ತಪ್ಪಿದೆ ಎಂದರ್ಥ.

ಮಟ್ಟ ಎಂದರೆ ಯಾವ ಮಟ್ಟ ಎನ್ನುವುದರಲ್ಲೇ ಮೊದಲ ಎಡವಟ್ಟು. ಡ್ರಮ್ಮಿನ ಬಾಯಿಗೂ ಕ್ಯಾನಿನ ಬಾಯಿಗೂ ಇರುವ ಎತ್ತರದ ವ್ಯತ್ಯಾಸ ಇಲ್ಲಿ ಲೆಕ್ಕಕ್ಕಿಲ್ಲ. ನೋಡಬೇಕಾದ್ದು ಡ್ರಮ್ಮಿನೊಳಗೆ ಡೀಸೆಲ್ ಎಷ್ಟು ಎತ್ತರಕ್ಕೆ ನಿಂತಿದೆ, ಪೈಪಿನ ಹೊರತುದಿ ಎಷ್ಟು ಕೆಳಗಿದೆ ಎಂಬುದನ್ನು. ಹೊರತುದಿ ಕ್ಯಾನಿನೊಳಗೆ ಮುಳುಗಿದ್ದರೆ ಕ್ಯಾನಿನಲ್ಲಿ ಏರುತ್ತಿರುವ ಡೀಸೆಲ್ ಮಟ್ಟವೇ ಲೆಕ್ಕ. ಒಂದು ಉದಾಹರಣೆ: 200 ಲೀಟರ್ ಡ್ರಮ್ಮು ನೆಲದ ಮೇಲೆ ನಿಂತಿದೆ, ಪಕ್ಕದಲ್ಲೇ ನೆಲದ ಮೇಲೆ 20 ಲೀಟರ್ ಕ್ಯಾನು. ಕ್ಯಾನು ತುಂಬಿದಾಗ ಒಳಗಿನ ಮಟ್ಟ ಸುಮಾರು 35 ಸೆಂಟಿಮೀಟರ್. ಡ್ರಮ್ಮಿನಲ್ಲಿ ಅದೇ 35 ಸೆಂಟಿಮೀಟರ್ ಎಂದರೆ 90 ಲೀಟರಿನ ಆಸುಪಾಸು. ಅಂದರೆ ಡ್ರಮ್ಮಿನಲ್ಲಿ ಇನ್ನೂ 90 ಲೀಟರ್ ಇರುವಾಗಲೇ ಕ್ಯಾನು ಪೂರ್ತಿ ತುಂಬುವುದು ನಿಂತುಹೋಗುತ್ತದೆ. ಡ್ರಮ್ಮನ್ನು ಒಂದೂವರೆ ಅಡಿ ಎತ್ತರದ ಕಟ್ಟೆಯ ಮೇಲೆ ಇಟ್ಟುಬಿಟ್ಟರೆ ಈ ರಗಳೆಯೇ ಇಲ್ಲ. ತುಂಬಿದ ಡ್ರಮ್ಮನ್ನು ಆಮೇಲೆ ಎತ್ತಲು ಆಗುವುದಿಲ್ಲ, ಇಳಿಸಿಕೊಳ್ಳುವ ದಿನವೇ ಕಟ್ಟೆಯ ಮೇಲೆ ಇಳಿಸಿಕೊಳ್ಳಬೇಕು.

ಪೈಪಿನ ಒಳವ್ಯಾಸ ಎರಡನೆಯ ಲೆಕ್ಕ. ಎರಡು ಮೀಟರ್ ಉದ್ದದ 12 ಎಂಎಂ ಪೈಪಿನಲ್ಲಿ, ಅರ್ಧ ಮೀಟರ್ ಮಟ್ಟವ್ಯತ್ಯಾಸ ಇದ್ದರೆ, ಡೀಸೆಲ್ ನಿಮಿಷಕ್ಕೆ ಏಳೆಂಟು ಲೀಟರ್ ಬರುತ್ತದೆ. ಅದೇ ಉದ್ದದ 8 ಎಂಎಂ ಪೈಪಿನಲ್ಲಿ ಎರಡೂವರೆ ಲೀಟರ್ ಬಂದರೆ ಪುಣ್ಯ. ಉಂಡೆಯೊಳಗಿನ ವಾಲ್ವುಗಳು ಇದರಲ್ಲೂ ಒಂದಿಷ್ಟು ಕಡಿಮೆ ಮಾಡುತ್ತವೆ. ಮಟ್ಟವ್ಯತ್ಯಾಸ ಕಾಲುಭಾಗಕ್ಕೆ ಇಳಿದರೆ ಹರಿವು ಹೆಚ್ಚುಕಡಿಮೆ ಅರ್ಧವಾಗುತ್ತದೆ, ಹಾಗಾಗಿ ಕೊನೆಯ ಲೀಟರುಗಳು ಎಳೆಎಳೆಯಾಗಿ ಬರುವುದು ಸಹಜ. ಎಂಜಿನ್ ಆಯಿಲ್‌ನ ಕಥೆ ಬೇರೆ. ಮಂದ ದ್ರವದಲ್ಲಿ ಹರಿವು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. 15ಡಬ್ಲ್ಯೂ-40 ಆಯಿಲ್ 12 ಎಂಎಂ ಪೈಪಿನಲ್ಲಿ ನಿಮಿಷಕ್ಕೆ ಅರ್ಧ ಲೀಟರ್ ಬಂದರೆ 8 ಎಂಎಂನಲ್ಲಿ 100 ಮಿಲಿಲೀಟರ್ ಅಷ್ಟೆ. ಆಯಿಲ್‌ಗೆ ತೆಳು ಪೈಪಿನ ಸೈಫನ್ ಇಟ್ಟು ಕಾಯುವುದಕ್ಕಿಂತ ಅಗಲ ಬಾಯಿನ ಆಲಿಕೆ ಇಟ್ಟು ಸುರಿಯುವುದು ಮೇಲು.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಮಧ್ಯದಲ್ಲಿ ರಬ್ಬರ್ ಉಂಡೆ, ಅದರ ಎರಡೂ ಕಡೆ ಪೈಪು ಇರುವುದು ಒಂದು. ಉಂಡೆಯ ಎರಡು ತುದಿಯಲ್ಲೂ ಒಂದೇ ದಿಕ್ಕಿಗೆ ಬಿಡುವ ವಾಲ್ವು ಇರುತ್ತದೆ, ಮೈಮೇಲೆ ಬಾಣದ ಗುರುತು ಇರುತ್ತದೆ. ಬಾಣ ಕ್ಯಾನಿನ ಕಡೆಗೆ. ಎರಡನೆಯದು ಹಿತ್ತಾಳೆ ಅಥವಾ ತಾಮ್ರದ ಮೂತಿಯೊಳಗೆ ಗೋಲಿ ಇರುವ ಅಲ್ಲಾಡಿಸುವ ಸೈಫನ್. ಮೂತಿಯನ್ನು ದ್ರವದೊಳಗೆ ಮುಳುಗಿಸಿ ಮೇಲೆ ಕೆಳಗೆ ಜೋರಾಗಿ ಆಡಿಸಬೇಕು. ಕೆಳಗೆ ಹೋಗುವಾಗ ಗೋಲಿ ಎದ್ದು ದ್ರವ ಒಳಗೆ ಬರುತ್ತದೆ, ಮೇಲೆ ಬರುವಾಗ ಗೋಲಿ ಕೂತು ಅದನ್ನು ಹಿಡಿದುಕೊಳ್ಳುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಆಚೆ ಇಳಿಯುತ್ತದೆ. ಆಡಿಸುವುದಕ್ಕೆ ಆಳ ಬೇಕು, ನಾಲ್ಕೈದು ಇಂಚು ಮಾತ್ರ ದ್ರವವಿರುವ ಟ್ಯಾಂಕಿನಲ್ಲಿ ಇದು ಶುರುವೇ ಆಗುವುದಿಲ್ಲ. ಮೂರನೆಯದು ಮೇಲೆ ಕೆಂಪು ಪ್ಲಾಸ್ಟಿಕ್ ತಿದಿಯಿರುವ, ಸೀಮೆಎಣ್ಣೆಗೆಂದು ಬಂದ ಕೈಪಂಪು. ಅದರ ನೆತ್ತಿಯ ಮೇಲಿನ ಚಿಕ್ಕ ಮುಚ್ಚಳ ಹಲವರಿಗೆ ಗೊತ್ತೇ ಇರುವುದಿಲ್ಲ: ಅದು ಬಿಗಿಯಾಗಿದ್ದರೆ ಹರಿಯುತ್ತದೆ, ಸಡಿಲಿಸಿದರೆ ಗಾಳಿ ನುಗ್ಗಿ ತಕ್ಷಣ ನಿಲ್ಲುತ್ತದೆ. ಡೀಸೆಲ್, ಸೀಮೆಎಣ್ಣೆ ಇಳಿಸಲು ಉಂಡೆಯ ಸೈಫನ್ ನನ್ನ ಆಯ್ಕೆ. ಉಂಡೆ ಹಾಳಾದರೂ ಪೈಪು ಉಳಿಯುತ್ತದೆ, ಪೈಪು ಹಾಳಾದರೆ ಉಂಡೆ ಉಳಿಯುತ್ತದೆ.

ಪೈಪಿನ ಜಾತಿಯನ್ನು ಕೇಳಿಯೇ ಕೊಳ್ಳಬೇಕು. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪಿವಿಸಿ ಪೈಪು ನೀರಿಗೆ ಚೆನ್ನ. ಪೆಟ್ರೋಲು ಅದರೊಳಗಿನ ಮೃದುಕಾರಿಯನ್ನು ಕರಗಿಸಿ ತೆಗೆದುಬಿಡುತ್ತದೆ. ಕೆಲವು ಸಲ ಬಳಸಿದ ಮೇಲೆ ಪೈಪು ಕಡ್ಡಿಯಂತೆ ಸೆಟೆದುಕೊಂಡು ಜೋಡಣೆಯಲ್ಲಿ ಬಿರಿಯುತ್ತದೆ. ಶೇಕಡಾ 20 ಎಥನಾಲ್ ಇರುವ ಈಗಿನ ಪೆಟ್ರೋಲು ಹಳೆಯ ರಬ್ಬರಿಗೆ ಇನ್ನೂ ಕಠಿಣ. ಸೈಕಲ್ ಟ್ಯೂಬಿನಂಥ ರಬ್ಬರು ಪೆಟ್ರೋಲಿನಲ್ಲೂ ಡೀಸೆಲ್ಲಿನಲ್ಲೂ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕಾನ್ ಪೈಪು ದುಬಾರಿ, ಹಾಗಂತ ಪೆಟ್ರೋಲಿಗೆ ಆಗುತ್ತದೆ ಅಂದುಕೊಳ್ಳಬೇಡಿ, ಅದೂ ಉಬ್ಬುತ್ತದೆ. ಗಾಡಿಗಳ ಬಿಡಿಭಾಗದ ಅಂಗಡಿಯಲ್ಲಿ ಪೆಟ್ರೋಲ್ ಪೈಪು ಎಂದೇ ಮಾರುವ ನೈಟ್ರೈಲ್ ರಬ್ಬರಿನದ್ದು ತೆಗೆದುಕೊಳ್ಳಿ. ಒಳಗೆ ಹರಿಯುವುದು ಕಾಣುವುದಿಲ್ಲ ಎಂಬುದೊಂದೇ ಅದರ ಕೊರತೆ. ಹೊರತುದಿಗೆ ಒಂದು ಗೇಣು ಪಾರದರ್ಶಕ ತುಂಡು ಸೇರಿಸಿ, ಅದು ಸೆಟೆದುಕೊಂಡಾಗ ಬದಲಿಸಿದರಾಯಿತು.

ಈಗ ಇಳಿಸುವ ಕ್ರಮ. 200 ಲೀಟರ್ ಡ್ರಮ್ಮಿನ ಮೇಲೆ ಎರಡು ಬಿರಡೆ ಇರುತ್ತವೆ, ಒಂದು 2 ಇಂಚಿನದು, ಇನ್ನೊಂದು ಮುಕ್ಕಾಲು ಇಂಚಿನದು. ದೊಡ್ಡದರಲ್ಲಿ ಪೈಪು ಇಳಿಸಿ, ಚಿಕ್ಕದನ್ನು ಗಾಳಿಗೆಂದು ತೆರೆದಿಡಿ. ಪೈಪನ್ನು ಬಿರಡೆಗೆ ಬಿಗಿಯಾಗಿ ಕೂರಿಸಿ ಚಿಕ್ಕದನ್ನು ಮುಚ್ಚಿಟ್ಟರೆ ಒಳಗೆ ನಿರ್ವಾತ ಬೆಳೆದು ಹರಿವು ಸೊರಗುತ್ತದೆ; ಪ್ಲಾಸ್ಟಿಕ್ ಕ್ಯಾನಾದರೆ ಹೊಟ್ಟೆ ಒಳಕ್ಕೆ ಸೇದಿಕೊಳ್ಳುತ್ತದೆ. ಒಳಗೆ ಇಳಿಸುವ ತುದಿಯನ್ನು ಓರೆಯಾಗಿ ಕತ್ತರಿಸಿ. ನೇರ ಕತ್ತರಿಸಿದ ತುದಿ ತಳಕ್ಕೋ ಗೋಡೆಗೋ ಕಚ್ಚಿಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ತೆಳು ಬಿದಿರು ಕಡ್ಡಿಗೆ ಪೈಪನ್ನು ಕಟ್ಟಿ, ಕಡ್ಡಿ ಪೈಪಿಗಿಂತ ಎರಡು ಇಂಚು ಉದ್ದವಿರುವಂತೆ ಇಟ್ಟರೆ ಪೈಪಿನ ಬಾಯಿ ತಳದಿಂದ ಅಷ್ಟೇ ಮೇಲೆ ನಿಲ್ಲುತ್ತದೆ. ಡೀಸೆಲ್ಲಿಗಿಂತ ನೀರು ಭಾರ. ಮಳೆಗಾಲದಲ್ಲಿ ಡ್ರಮ್ಮಿಗೆ ಸೇರಿದ ನೀರೂ ಕೆಸರೂ ಆ ಎರಡು ಇಂಚಿನಲ್ಲೇ ಇರುತ್ತದೆ, ಅದು ಅಲ್ಲೇ ಇರಲಿ. ಸುರಿಯುವುದಕ್ಕಿಂತ ಸೈಫನ್ ಮೇಲು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಟಿಲ್ಲರಿನ ಡೀಸೆಲ್ ಫಿಲ್ಟರ್ ಎಷ್ಟು ದಿನ ಬಾಳುತ್ತದೆ ಎನ್ನುವುದೂ ಇದರ ಮೇಲಿದೆ.

ಉಂಡೆಯನ್ನು ಬಾಣ ಮೇಲ್ಮುಖವಾಗಿ ನಿಲ್ಲುವಂತೆ ಹಿಡಿದು ಹಿಂಡಿ. ಮಲಗಿಸಿದರೆ ಅಗ್ಗದ ವಾಲ್ವುಗಳು ಸರಿಯಾಗಿ ಕೂರುವುದಿಲ್ಲ. ಎಷ್ಟು ಸಲ ಹಿಂಡಬೇಕು ಎನ್ನುವುದಕ್ಕೂ ಲೆಕ್ಕವಿದೆ: 12 ಎಂಎಂ ಪೈಪು ಮೀಟರಿಗೆ 113 ಮಿಲಿಲೀಟರ್ ಹಿಡಿಯುತ್ತದೆ, ಒಂದು ಹಿಂಡಿಗೆ 40 ಮಿಲಿಲೀಟರ್ ಎಳೆದರೆ ಎರಡು ಮೀಟರ್ ಪೈಪು ಆರೇಳು ಹಿಂಡಿಗೆ ತುಂಬಿತು. ಹಿಂಡಿದ ಮೇಲೆ ಉಂಡೆ ಪೂರ್ತಿ ಉಬ್ಬುವವರೆಗೆ ಕಾಯಿರಿ. ಹರಿಯತೊಡಗಿದ ಮೇಲೆ ಉಂಡೆಯನ್ನು ಬಿಟ್ಟು ಹೊರತುದಿಯನ್ನು ಹಿಡಿದುಕೊಳ್ಳಿ. ಅದು ಜಾರಿ ಹೊರಬಿದ್ದರೆ ನಿಮಿಷಕ್ಕೆ ಏಳೆಂಟು ಲೀಟರ್ ಅಂಗಳಕ್ಕೆ ಹೋಗುತ್ತದೆ. ನಿಲ್ಲಿಸಲು ಪೈಪು ಮಡಚಬೇಡಿ, ಮಡಚಿದ ಜಾಗವೇ ನಾಳೆ ಬಿರಿಯುವ ಜಾಗ. ಹೊರತುದಿಯನ್ನು ಡ್ರಮ್ಮಿನ ಮಟ್ಟಕ್ಕಿಂತ ಮೇಲೆತ್ತಿ, ಅಥವಾ ಒಳತುದಿಯನ್ನು ದ್ರವದಿಂದ ಹೊರಗೆಳೆಯಿರಿ. ಒಳತುದಿ ಎಳೆಯುವುದಾದರೆ ಪೈಪಿನಲ್ಲಿ ಉಳಿದ ಕಾಲು ಲೀಟರಿನಷ್ಟೂ ಕ್ಯಾನಿಗೇ ಬೀಳುತ್ತದೆ, ಅದಕ್ಕೆ ಜಾಗ ಬಿಟ್ಟಿರಬೇಕು. ಹಿಗ್ಗುವುದಕ್ಕೂ ಜಾಗ ಬೇಕು: 20 ಲೀಟರ್ ಪೆಟ್ರೋಲು 20 ಡಿಗ್ರಿ ಬಿಸಿಯೇರಿದರೆ ಸುಮಾರು 400 ಮಿಲಿಲೀಟರ್ ಹೆಚ್ಚಾಗುತ್ತದೆ. 20ರ ಕ್ಯಾನಿಗೆ 19 ಸಾಕು.

ಕೆಟ್ಟರೆ ಏನು ಕೆಟ್ಟಿದೆ ಎಂದು ಉಂಡೆಯೇ ಹೇಳುತ್ತದೆ. ಹಿಂಡಿದ ಮೇಲೆ ಉಬ್ಬದೆ ಚಪ್ಪಟೆಯಾಗೇ ಇದ್ದರೆ ಒಳತುದಿ ಮುಚ್ಚಿಕೊಂಡಿದೆ ಅಥವಾ ಪೈಪು ಎಲ್ಲೋ ಮಡಚಿದೆ. ಪಟಕ್ಕನೆ ಉಬ್ಬಿ ಏನೂ ಬರದಿದ್ದರೆ ಗಾಳಿ ಎಳೆಯುತ್ತಿದೆ: ಒಳತುದಿ ದ್ರವ ಮುಟ್ಟಿಲ್ಲ, ಇಲ್ಲವೇ ಉಂಡೆಗೂ ಪೈಪಿಗೂ ಸೇರುವ ಜಾಗ ಸಡಿಲ. ಅಲ್ಲಿಗೆ ತಂತಿ ಸುತ್ತುವುದಕ್ಕಿಂತ ಹತ್ತು ಹದಿನೈದು ರೂಪಾಯಿಯ ಸ್ಕ್ರೂ ಕ್ಲಾಂಪು ಹಾಕಿ. ಹಿಂಡಿದಾಗ ಡ್ರಮ್ಮಿನೊಳಗೆ ಗುಳುಗುಳು ಎಂದರೆ ಒಳಗಿನ ಕಡೆಯ ವಾಲ್ವಿನಲ್ಲಿ ಕಸ ಕೂತಿದೆ, ಅಥವಾ ಉಂಡೆಯನ್ನೇ ತಿರುಗಾಮುರುಗಾ ಹಾಕಿದ್ದೀರಿ. ಚೆನ್ನಾಗಿ ಶುರುವಾಗಿ ಮಧ್ಯೆ ನಿಂತರೆ ಪೈಪು ಅತಿ ಎತ್ತರಕ್ಕೆ ಹೋಗಿ ಬಾಗಿರುವ ಜಾಗ ನೋಡಿ, ಗಾಳಿಗುಳ್ಳೆ ಅಲ್ಲಿ ಸೇರುತ್ತದೆ. ಪೆಟ್ರೋಲಿನಲ್ಲಿ ಇದು ಹೆಚ್ಚು, ಏಕೆಂದರೆ ಬಿಸಿಲಿಗೆ ಕಾದ ಪೈಪಿನ ನೆತ್ತಿಯಲ್ಲಿ ಒತ್ತಡ ಕಡಿಮೆಯಿದ್ದು ಅದು ಬೇಗ ಆವಿಯಾಗುತ್ತದೆ. ಆ ಬಾಗನ್ನು ತಗ್ಗಿಸಿ, ನೆರಳಿಗೆ ತನ್ನಿ.

ಪೆಟ್ರೋಲಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ನೆಲದ ಮೇಲೆ ಹರಿದು ಚರಂಡಿ, ಗುಂಡಿಗಳಲ್ಲಿ ನಿಲ್ಲುತ್ತದೆ. ಹತ್ತು ಅಡಿ ಆಚೆಯ ಬಚ್ಚಲೊಲೆಯೋ ಪಂಪ್‌ಸೆಟ್ಟಿನ ಸ್ಟಾರ್ಟರೋ ಸಾಕು. ಬಯಲಲ್ಲಿ, ಎಂಜಿನ್ ತಣ್ಣಗಾದ ಮೇಲೆ ಇಳಿಸಿ. ಕ್ಯಾನನ್ನು ನೆಲದ ಮೇಲೇ ಇಡಿ. ಪಿಕಪ್ಪಿನ ಹಿಂಬದಿಯ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿದರೆ ಹರಿವಿನ ತಿಕ್ಕಾಟಕ್ಕೆ ಹುಟ್ಟಿ ಕಿಡಿ ಹಾರಿಸಬಲ್ಲ ಸ್ಥಾಯೀ ವಿದ್ಯುತ್ ಹರಿದುಹೋಗಲು ದಾರಿಯಿಲ್ಲ. ಹೊರತುದಿ ಕ್ಯಾನಿನ ತಳ ಮುಟ್ಟಿರಲಿ, ಮೇಲಿನಿಂದ ಚಿಮ್ಮಿಸಿದಷ್ಟೂ ವಿದ್ಯುತ್ತೂ ಆವಿಯೂ ಹೆಚ್ಚು. ಎರಡೂ ಲೋಹದ ಪಾತ್ರೆಗಳಾದರೆ ಒಂದಕ್ಕೊಂದು ತಾಗಿಸಿಡಿ ಅಥವಾ ತಂತಿಯಿಂದ ಜೋಡಿಸಿ. ಕಾನೂನೂ ಇಲ್ಲಿದೆ: 1934ರ ಪೆಟ್ರೋಲಿಯಂ ಕಾಯ್ದೆಯಂತೆ ಮಾರಾಟಕ್ಕಲ್ಲದ ಪೆಟ್ರೋಲು ಲೈಸೆನ್ಸ್ ಇಲ್ಲದೆ 30 ಲೀಟರ್‌ವರೆಗೆ ಇಡಬಹುದು, ಅದೂ ಬಿಗಿ ಮುಚ್ಚಳದ, 25 ಲೀಟರ್ ಮೀರದ ಲೋಹದ ಪಾತ್ರೆಯಲ್ಲಿ; ಗಾಜಿನದಾದರೆ 1 ಲೀಟರ್. ನೀರಿನ ಬಾಟಲಿಯಲ್ಲಂತೂ ಬೇಡ, ಮಕ್ಕಳಿಗೆ ಅದು ನೀರೇ.

ಬಾಯಿ ಹಾಕಿ ಎಳೆಯುವವರು ಇನ್ನೂ ಇದ್ದಾರೆ. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಹೋದದ್ದೇ ಅಪಾಯ. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲು ಮೂರೂ ತೆಳು, ಒಂದು ಕೆಮ್ಮಿಗೆ ಕೆಲವೇ ಮಿಲಿಲೀಟರ್ ಒಳಗಿಳಿದು ನ್ಯುಮೋನಿಯಾ ಆಗುತ್ತದೆ. ಡೀಸೆಲ್ ಎಳೆಯುವವರ ಶ್ವಾಸಕೋಶ ಎಂದೇ ವೈದ್ಯರು ಇದಕ್ಕೊಂದು ಹೆಸರಿಟ್ಟಿದ್ದಾರೆ. ಹಾಗಾದಾಗ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ವಾಂತಿಯಾಗುವಾಗ ಇನ್ನಷ್ಟು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಮ್ಮು ನಿಂತರೂ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಜ್ವರ, ಏದುಸಿರು ಗಂಟೆಗಳ ನಂತರ ಶುರುವಾಗುತ್ತವೆ.

ಗಾಡಿಯ ಟ್ಯಾಂಕಿನಿಂದ ತೆಗೆಯುವುದಕ್ಕೆ ಸೈಫನ್ ಅಷ್ಟೊಂದು ಒಗ್ಗುವುದಿಲ್ಲ. ಹೊಸ ಕಾರುಗಳಲ್ಲಿ ಪೆಟ್ರೋಲ್ ಹಾಕುವ ಕೊಳವೆಯೊಳಗೆ ತಡೆ ಇರುತ್ತದೆ. ಜೋರು ಮಾಡಿ ತುರುಕಿದ ಪೈಪು ಒಳಗೆ ಹೋಗಿ ವಾಪಸು ಬರದೆ ಸಿಕ್ಕಿಕೊಳ್ಳುತ್ತದೆ. ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡಿದ್ದರೆ ಕೀಲಿ ತಿರುಗಿಸದೆ ಮೆಕ್ಯಾನಿಕ್‌ಗೆ ಹೇಳಿ, ಸೈಫನ್ ತಳದ ಲೀಟರುಗಳನ್ನು ಬಿಟ್ಟೇ ಬರುತ್ತದೆ. ಕಾರ್ಬೊರೇಟರ್ ಇರುವ ಹಳೆಯ ಬೈಕಿನಲ್ಲಾದರೆ ಸೈಫನ್ನೇ ಬೇಡ, ಟ್ಯಾಂಕಿನ ಕೆಳಗಿನ ಪೆಟ್ರೋಲ್ ಪೈಪು ಕಳಚಿ ಕಾಕ್ ತೆರೆದರೆ ತಾನೇ ಇಳಿಯುತ್ತದೆ.

ಉಳಿದ ದ್ರವಗಳಲ್ಲಿ ತೋಟದವರಿಗೆ ಮುಖ್ಯವಾದದ್ದು ಬೆಳೆಯ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಶೇಕಡಾ 1ರದ್ದು, ಅಂದರೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಡ್ರಮ್ಮಿನಿಂದ ಬೆನ್ನಿಗೆ ಹಾಕುವ 16 ಲೀಟರ್ ಸ್ಪ್ರೇಯರಿಗೆ ಇಳಿಸಲು ಉಂಡೆಯ ಸೈಫನ್ ಬೇಡ, ಕಣಗಳು ಕೂತು ವಾಲ್ವು ಕಚ್ಚಿಕೊಳ್ಳುತ್ತದೆ. ಬರಿಯ ಪೈಪು ಸಾಕು: ಅದಕ್ಕೆ ನೀರು ತುಂಬಿ, ಎರಡೂ ತುದಿ ಹೆಬ್ಬೆರಳಿಂದ ಒತ್ತಿಕೊಂಡು, ಒಂದನ್ನು ಡ್ರಮ್ಮಿಗೆ ಮುಳುಗಿಸಿ ಇನ್ನೊಂದನ್ನು ಕೆಳಗಿಳಿಸಿ ಬಿಡಿ. ಇಳಿಯುವಷ್ಟು ಹೊತ್ತೂ ಒಬ್ಬರು ಡ್ರಮ್ಮು ಕದಡುತ್ತಿರಬೇಕು, ಇಲ್ಲವಾದರೆ ಮೊದಲ ಸ್ಪ್ರೇಯರಿಗೆ ತಿಳಿನೀರು, ಕೊನೆಯದಕ್ಕೆ ಗಸಿ. ಸುಣ್ಣ ಸೇರಿಸುವ ಮೊದಲಿನ ಮೈಲುತುತ್ತದ ನೀರಿಗೆ ಕಬ್ಬಿಣದ ಸ್ಪ್ರಿಂಗು, ಗೋಲಿ ಇರುವ ಯಾವುದನ್ನೂ ಇಳಿಸಬೇಡಿ. ಕಬ್ಬಿಣ ಕರಗಿ ಅದರ ಮೇಲೆ ತಾಮ್ರ ಕೂರುತ್ತದೆ. ಹೊಸ ಡೀಸೆಲ್ ಗಾಡಿಗಳಿಗೆ ಹಾಕುವ ಯೂರಿಯಾ ದ್ರವವೂ ಹೀಗೇ ಹಟಮಾರಿ. ಅದು ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ, ಆದ್ದರಿಂದ ಗೋಲಿಯ ಹಿತ್ತಾಳೆ ಮೂತಿ ಅದಕ್ಕಲ್ಲ. ಡೀಸೆಲ್ ಮುಟ್ಟಿದ ಪೈಪಿನಲ್ಲಿ ಅದನ್ನು ಇಳಿಸಲೂಬಾರದು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಮಲೆನಾಡಿನಲ್ಲಿ ಅದಕ್ಕೆ ಸೈಫನ್ ಹಚ್ಚಿದರೆ ಪೈಪಿನೊಳಗೆ ಮೇಣದಬತ್ತಿ ಸಿಗುತ್ತದೆ.

ಒಂದೊಂದು ದ್ರವಕ್ಕೆ ಒಂದೊಂದು ಸೈಫನ್ ಇಟ್ಟುಕೊಂಡು ಬಣ್ಣದ ಟೇಪು ಸುತ್ತಿಡಿ. ಕೆಲಸ ಮುಗಿದ ಮೇಲೆ ಉಂಡೆಯೊಳಗಿನದು ಪೂರ್ತಿ ಇಳಿಯುವಂತೆ ಬಾಣ ಕೆಳಮುಖವಾಗಿ ಒಂದು ದಿನ ನೆರಳಲ್ಲಿ ನೇತುಹಾಕಬೇಕು. ಸುತ್ತಿ ಡಬ್ಬಿಗೆ ಹಾಕಿದರೆ ಒಳಗುಳಿದ ಒಂದು ಚಮಚ ಪೆಟ್ರೋಲು ಮುಂದಿನ ಸಲದೊಳಗೆ ವಾಲ್ವಿನ ರಬ್ಬರನ್ನು ಅಂಟಿಸಿಟ್ಟಿರುತ್ತದೆ.