ಮಾಮೂಲಿ ಜನರ ಕತೆ ಯಾಕೆ ಬರೀತೀರಿ?

ನಾನು ಸಾಗರದ ಕಡೆಯವನು. ಶರಾವತಿ ನದಿಗೆ ಅಣೆಕಟ್ಟು ಕಟ್ಟಿದಾಗ ಆದ ಮುಳುಗಡೆಯಲ್ಲಿ ಮನೆಮಠ ಬಿಟ್ಟು ಬಂದ ಹಿರಿಯರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆದಿಡುತ್ತೇನೆ. ಅದನ್ನು ಓದಿದವರು, ನೆಂಟರು, ಒಮ್ಮೊಮ್ಮೆ ಆ ಹಿರಿಯರ ಮಕ್ಕಳೇ ಕೇಳುತ್ತಾರೆ: "ಇವರ ಕತೆಯಲ್ಲಿ ಅಂಥದ್ದೇನಿದೆ? ಯಾರಾದರೂ ದೊಡ್ಡವರ ಬಗ್ಗೆ ಬರೀಬಹುದಲ್ವಾ?"

ಊರಿಗೆ ಏನಾಯಿತು ಅನ್ನೋದು ಕಡತದಲ್ಲಿ ಸಿಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟು ಇದೇ ಹಿನ್ನೀರಿನಲ್ಲಿ ಮುಳುಗಿತು. ಇಷ್ಟನ್ನೂ ಯಾರು ಬೇಕಾದರೂ ಹುಡುಕಿ ಬರೆಯಬಹುದು. ಆದರೆ ಊರು ಬಿಟ್ಟ ಮೇಲಿನ ಆರೇಳು ವರ್ಷ ಜನ ಏನು ಉಂಡರು ಅಂತ ಯಾವ ಕಡತವೂ ಹೇಳುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಒಬ್ಬ ಅಜ್ಜಿಯಿಂದ. "ತುಂಬಾ ಕಷ್ಟ ಆಯ್ತಾ?" ಅಂತ ಕೇಳಿದರೆ ಹಿರಿಯರು "ಆಯ್ತು ಮಾರಾಯ" ಅಂತಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅದಕ್ಕೆ ನಾನು "ಏನೇನು ಹೊತ್ತು ತಂದ್ರಿ?" ಅಂತ ಕೇಳುತ್ತೇನೆ. ಆಗ ಮಾತು ಬಿಚ್ಚಿಕೊಳ್ಳುತ್ತದೆ. ಆ ಅಜ್ಜಿಯ ಮನೆಯವರು ಹಂಚು ಇಳಿಸಿದರಂತೆ. ತೊಲೆ, ಬಾಗಿಲು, ಬಚ್ಚಲ ಹಂಡೆ ಎಲ್ಲ ಗಾಡಿಗೆ ಹೇರಿದರಂತೆ. ಒರಳುಕಲ್ಲು ನೆಲದಲ್ಲಿ ಹೂತಿತ್ತು, ಅದು ಅಲ್ಲೇ ಉಳಿಯಿತು. ಹಳೇ ತೋಟದ ಒಳ್ಳೆಯ ಮರಗಳಿಂದ ಬೀಜದಡಿಕೆ ಆರಿಸಿ ಒಂದು ಚೀಲ ತಂದಿದ್ದರು.

ಅಡಿಕೆ ಸಸಿ ಏಳಬೇಕು, ಅದನ್ನು ನೆಡಬೇಕು, ಮರವಾಗಿ ಅಡಿಕೆಗೊನೆ ಬಿಡಬೇಕು. ಅದಕ್ಕೆ ವರ್ಷಗಳೇ ಬೇಕು. ಅಲ್ಲಿವರೆಗೆ? ಅಜ್ಜಿಯ ಯಜಮಾನರು ಬೇರೆಯವರ ತೋಟಕ್ಕೆ ಕೂಲಿಗೆ ಹೋದರು. ಸ್ವಂತ ತೋಟದಲ್ಲಿ ಆಳು ಇಟ್ಟು ಕೆಲಸ ಮಾಡಿಸಿದ್ದ ಮನುಷ್ಯ. ಹೊಸ ಊರಿನವರ ಕಣ್ಣಿಗೆ ಬೀಳಬಾರದು ಅಂತ ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದರಂತೆ. ಪರಿಹಾರ ಅಂದರೆ ಜಮೀನಿನ ಬೆಲೆ ಅಂತ ಅಲ್ಲಿವರೆಗೆ ಅಂದುಕೊಂಡಿದ್ದ ಯಾರಿಗೇ ಆಗಲಿ, ಈ ಮಾತು ಕೇಳಿದ ಮೇಲೆ ಆ ಲೆಕ್ಕ ಸಾಲದು ಅನ್ನಿಸುತ್ತದೆ. ಮರ ಫಲ ಕೊಡುವವರೆಗಿನ ಆ ಖಾಲಿ ವರ್ಷಗಳಿಗೆ ಬೆಲೆ ಕಟ್ಟಿದವರು ಯಾರು? ಇದನ್ನು ಕೇಳಲೇಬೇಕು ಅನ್ನುವ ಹಟ ನನ್ನಲ್ಲಿ ಹುಟ್ಟಿದ್ದೇ ಆ ಅಜ್ಜಿಯ ಮಾತಿನಿಂದ. ಮುಳುಗಡೆಯ ಎಷ್ಟೋ ಮನೆಗಳವರು ಕೂತ ಜಾಗದ ಹಕ್ಕುಪತ್ರಕ್ಕಾಗಿ ಇವತ್ತಿಗೂ ಹೋರಾಡುತ್ತಿದ್ದಾರೆ. ಅವರ ಪಾಲಿಗೆ ಇದು ಹಳೇ ಕತೆಯೇ ಅಲ್ಲ.

ನಮ್ಮ ತಾಲ್ಲೂಕಿನದೇ ಇನ್ನೊಂದು ಸಂಗತಿ. ಭೂಮಾಲೀಕರ ವಿರುದ್ಧ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹ ಅಂದ ತಕ್ಷಣ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಎಲ್ಲರಿಗೂ ನೆನಪಾಗುತ್ತದೆ. ಆದರೆ ಜಗಳದ ಬುಡದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಅದರ ಗಾತ್ರ ಜಾಸ್ತಿ ಅನ್ನೋದು ಗೇಣಿದಾರರ ತಕರಾರು. ಕೊಳಗ ದೊಡ್ಡದಿದೆ ಅಂತ ಮೊದಲು ಕಂಡದ್ದು ಭತ್ತ ಅಳೆದ ಕೈಗಳಿಗೇ ಅಲ್ವಾ? ಅಂಥವರನ್ನು ಬಿಟ್ಟು ದೊಡ್ಡವರ ಕತೆಯನ್ನಾದರೂ ಹೇಗೆ ಪೂರ್ತಿ ಬರೆಯುವುದು?

ಈಗ ಶರಾವತಿ ಹಿನ್ನೀರಿನ ಆಚೆಗಿರುವ ತುಮರಿ ಕಡೆ ಹೋಗಿಬರುತ್ತಿದ್ದೇನೆ. ದಶಕಗಳ ಕಾಲ ಅಲ್ಲಿನವರಿಗೆ ಸಾಗರಕ್ಕೆ ಬರಲು ಹಿನ್ನೀರು ದಾಟಿಸುವ ದೋಣಿ, ಅಂದರೆ ಲಾಂಚೇ ಹತ್ತಿರದ ದಾರಿಯಾಗಿತ್ತು. ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಕಾಯಿಲೆಯವರನ್ನು ಕರೆತರುವುದೇ ದೊಡ್ಡ ಪಾಡಾಗಿತ್ತು. 2025ರ ಜುಲೈನಲ್ಲಿ ಆ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಬಹಳ ಸಂತೋಷದ ವಿಷಯ. ಲಾಂಚ್ ಓಡಿಸಿದವರು, ದಡದಲ್ಲಿ ಚಹಾ ಮಾರಿದವರು, ಲಾಂಚಿಗೆ ಕಾದು ಹೆರಿಗೆಗೆ ಹೋದವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಅವರನ್ನು ಕೇಳುವ ಕೆಲಸ ಈಗ ಶುರು ಮಾಡಿದ್ದೇನೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ನೀವೇ ಕೂತು ಕೇಳಿ, ಬರೆದಿಡಿ. ಅವರು ಹೇಳಿದ ಹಾಗೆಯೇ ಬರೆಯಿರಿ, ತಿದ್ದಲು ಹೋಗಬೇಡಿ.