ಐವತ್ತು ಅಡಿ ಆಚೆಯ ಮೈಕು

ಧ್ವನಿಗ್ರಹಣ ವಿಭಾಗದಲ್ಲಿ ಮೇಷ್ಟ್ರು ಹಾಲಿವುಡ್ಡಿನ ಶಬ್ದಗಾರ ವಾಲ್ಟರ್ ಮರ್ಚ್ ಬಗ್ಗೆ ಮಾಡುತ್ತಿದ್ದ ಪಾಠ ಸಿಲಬಸ್ಸಿನಲ್ಲಿ ಇರಲಿಲ್ಲ. ಪರೀಕ್ಷೆಗೂ ಬರಲಿಲ್ಲ. ಮಿಕ್ಸಿಂಗ್‌ಗೆ ಕೂತಾಗ ಮಾತ್ರ ಬೇರೆಲ್ಲಕ್ಕಿಂತ ಮೊದಲು ನೆನಪಾಗುವುದು ಅದೇ.

ಮರ್ಚ್ ಹುಟ್ಟಿದ್ದು 1943ರಲ್ಲಿ, ನ್ಯೂಯಾರ್ಕಿನಲ್ಲಿ. 1969ರಲ್ಲಿ ನಿರ್ದೇಶಕ ಕೊಪ್ಪೊಲಾ ಅವರ 'ದಿ ರೈನ್ ಪೀಪಲ್'ಗೆ ಶಬ್ದ ಕೂಡಿಸಿದಾಗ ಅವರು ಯೂನಿಯನ್ನಿನ ಸದಸ್ಯರಲ್ಲ. ಹಾಗಾಗಿ ಟೈಟಲ್‌ನಲ್ಲಿ 'ಸೌಂಡ್ ಮಾಂಟಾಜ್' ಎಂದು ಹಾಕಿಸಿಕೊಂಡರು. ಹೊಸ ಹುದ್ದೆಯೊಂದು ಶುರುವಾದದ್ದು ಹೀಗೆ, ಹಿಂಬಾಗಿಲಿನಿಂದ.

ಮೇಷ್ಟ್ರು ಹೆಚ್ಚು ಹೊತ್ತು ನಿಲ್ಲುತ್ತಿದ್ದುದು 1973ರ 'ಅಮೆರಿಕನ್ ಗ್ರಫಿಟಿ' ಹತ್ತಿರ. ಒಂದೇ ರಾತ್ರಿಯ ಕಥೆ, ಊರಿನ ಕಾರುಗಳಲ್ಲೆಲ್ಲ ರೇಡಿಯೋ ಹಾಡು. ರೆಕಾರ್ಡಿನ ಹಾಡನ್ನು ಹಾಗೇ ಹಾಕಿದರೆ ಮಾತನ್ನು ನುಂಗುತ್ತದೆ. ವಾಲ್ಯೂಮ್ ಇಳಿಸಿದರೆ ಹಾಡು ಸಣ್ಣದಾಗುತ್ತದೆ ಅಷ್ಟೇ, ದೂರ ಹೋಗುವುದಿಲ್ಲ. ಜಾತ್ರೆಯ ಮೈಕಿನ ಹಾಡನ್ನು ಕೆರೆಯಾಚೆ ನಿಂತು ಕೇಳಿದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಮರ್ಚ್ ಮತ್ತು ನಿರ್ದೇಶಕ ಲ್ಯೂಕಾಸ್ ಹಾಡುಗಳ ಟೇಪನ್ನು ಮನೆಯ ಹಿತ್ತಲಿಗೆ ಒಯ್ದರು. ಒಂದು ನಾಗ್ರಾದಿಂದ (ಹೊತ್ತೊಯ್ಯಬಹುದಾದ ಟೇಪ್ ರೆಕಾರ್ಡರ್) ಸ್ಪೀಕರಿಗೆ, ಸುಮಾರು 50 ಅಡಿ ಆಚೆ ಮೈಕು, ಮೈಕಿನಿಂದ ಇನ್ನೊಂದು ನಾಗ್ರಾಕ್ಕೆ. ಲ್ಯೂಕಾಸ್ ಸ್ಪೀಕರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸುತ್ತಿದ್ದರೆ ಮರ್ಚ್ ಮೈಕನ್ನು ತಿರುಗಿಸುತ್ತಿದ್ದರು. ಇದನ್ನೇ ಎರಡು ಸಲ ಮಾಡಿ ಮೂರು ಟ್ರ್ಯಾಕ್ ಇಟ್ಟುಕೊಂಡರು: ಒಂದು ಒಣ, ಅಂದರೆ ರೆಕಾರ್ಡಿನದ್ದು ಹಾಗೇ; ಎರಡು ಗಾಳಿ ಕುಡಿದವು. ಪಾತ್ರ ಬಾಯಿ ತೆರೆದಾಗ ಒಣದ್ದು ಇಳಿಯುತ್ತದೆ, ಹಿತ್ತಲಿನದು ಏರುತ್ತದೆ. ಹಾಡು ನಿಲ್ಲುವುದಿಲ್ಲ, ಮಾತಿಗೆ ಜಾಗ ಬಿಡುತ್ತದೆ. ಈ ವಿಧಾನಕ್ಕೆ ಅವರಿಟ್ಟ ಹೆಸರು ವರ್ಲ್ಡೈಜಿಂಗ್.

50 ಅಡಿ ಎಂದರೆ 15 ಮೀಟರ್. ಶಬ್ದ ಅಷ್ಟು ದೂರ ಬರಲು 44 ಮಿಲಿಸೆಕೆಂಡ್, ಹೆಚ್ಚುಕಡಿಮೆ ಸಿನಿಮಾದ ಒಂದು ಫ್ರೇಮ್. ಕೆಡುವುದು ಈ ತಡವನ್ನು 'ಸರಿ' ಮಾಡಲು ಹೊರಟಾಗ. ಒಣ ಟ್ರ್ಯಾಕು, ಹಿತ್ತಲಿನ ಟ್ರ್ಯಾಕು ಎರಡನ್ನೂ ಎಳೆದು ಹತ್ತಿರ ತಂದು 1 ಮಿಲಿಸೆಕೆಂಡ್ ಅಂತರ ಉಳಿಸಿದಿರೋ, 500 ಹರ್ಟ್ಸ್, 1500 ಹರ್ಟ್ಸ್‌ನಂಥ ಸ್ವರಗಳಲ್ಲಿ ಎರಡು ಟ್ರ್ಯಾಕೂ ಒಂದನ್ನೊಂದು ಹೊಡೆದುಹಾಕಿ ಹಾಡು ಪೈಪಿನೊಳಗಿಂದ ಬಂದಂತೆ ಕೇಳುತ್ತದೆ. ತಡವನ್ನು ಹಾಗೇ ಬಿಡಬೇಕು. ಇನ್ನೊಂದು ತೊಂದರೆ ನಾಯಿ, ಸ್ಕೂಟರು: ಹಿತ್ತಲಲ್ಲಿ ಒಮ್ಮೆ ಅಂಟಿದ ಸದ್ದನ್ನು ಆಮೇಲೆ ಬಿಡಿಸಲಾಗದು. ಈಗ ಕಂಪ್ಯೂಟರಿನಲ್ಲೇ ಮಾರ್ದನಿ ಕೂಡಿಸುವ ರಿವರ್ಬ್ ಪ್ಲಗಿನ್ ಇದೆ ನಿಜ. ಅದರಲ್ಲಿ ಸಾಮಾನ್ಯವಾಗಿ ಸ್ಪೀಕರು ಗೂಟ ಹೊಡೆದಂತೆ ಒಂದೇ ಕಡೆ ನಿಂತಿರುತ್ತದೆ. ಲ್ಯೂಕಾಸ್ ಕೈಯ ಆ ಅಲುಗಾಟ ಅದರಲ್ಲಿಲ್ಲ.

ಮರ್ಚ್ ಶಬ್ದ ಕಟ್ಟಿದ 1979ರ 'ಅಪಾಕಲಿಪ್ಸ್ ನೌ' ಬಗ್ಗೆ ಎಲ್ಲರೂ ಬರೆದಿದ್ದಾರೆ. 70 ಎಂಎಂ ಪ್ರಿಂಟಿನಲ್ಲಿ ಪರದೆಯ ಹಿಂದೆ ಮೂರು ಚಾನೆಲ್, ಪ್ರೇಕ್ಷಕರ ಎಡಬಲಕ್ಕೆ ಬೇರೆ ಬೇರೆ ಸರೌಂಡ್, ಜೊತೆಗೆ ತಗ್ಗಿನ ಗುಡುಗು. ಇಂದಿನ 5.1 (ಐದು ಚಾನೆಲ್, ಜೊತೆಗೆ ತಗ್ಗಿನದೊಂದು) ಇದೇ ಜೋಡಣೆ. ಹೆಲಿಕಾಪ್ಟರ್ ಸದ್ದನ್ನು ಬಿಡಿಭಾಗಗಳಾಗಿ ಒಡೆದು ಸಿಂಥಸೈಜರಿನಲ್ಲಿ ಮತ್ತೆ ಕಟ್ಟಿದರು. ಆಸ್ಕರ್ ಬಂತು. ಸೌಂಡ್ ಡಿಸೈನ್ ಎಂಬ ಮಾತು ಚಾಲ್ತಿಗೆ ಬಂದದ್ದೂ ಆಗಲೇ.

ಫೋಲಿ, ಅಂದರೆ ಪರದೆಯ ಚಲನೆಗೆ ತಕ್ಕಂತೆ ಹೆಜ್ಜೆಯಂಥ ಸದ್ದನ್ನು ಸ್ಟುಡಿಯೋದಲ್ಲಿ ಮಾಡುವವರಿಗೆ ಇನ್ನೊಂದು ಪಾಠ 'ಟಿಎಚ್‌ಎಕ್ಸ್ 1138' ಸಿನಿಮಾದ ರೋಬೋಗಳ ಹೆಜ್ಜೆಯದು. ಒಬ್ಬ ನಡೆದರೆ ಹೆಜ್ಜೆಯ ಸದ್ದು ಚಿತ್ರಕ್ಕೆ ಸಿಂಕ್ ಇರಲೇಬೇಕು, ಇಬ್ಬರಿದ್ದರೂ ಇರಬೇಕು. ಮೂವರಾದರೆ ಕಣ್ಣು ಲೆಕ್ಕ ಬಿಡುತ್ತದೆ. ಮರ್ಚ್ ಇದನ್ನು ಎರಡೂವರೆಯ ನಿಯಮ ಎಂದರು. ಮೆರವಣಿಗೆಯ ದೃಶ್ಯಕ್ಕೆ ಒಬ್ಬೊಬ್ಬರ ಹೆಜ್ಜೆಯನ್ನೂ ಹೊಂದಿಸುತ್ತ ರಾತ್ರಿ ಕಳೆಯುವ ಹುಡುಗರಿಗೆ ಮೇಷ್ಟ್ರು ಬೆರಳೆತ್ತಿ ತೋರಿಸುತ್ತಿದ್ದುದು ಇದನ್ನೇ: ಎರಡು ನೇರ ಬೆರಳು, ಮೂರನೆಯದು ಅರ್ಧ ಮಡಚಿದ್ದು.