ಚೆಸೆನಾಟಿಕೊದಲ್ಲಿ ಆರು ರಾತ್ರಿ: ಇಟಲಿಯ ಕಡಲತೀರದ ಮನೆಮಂದಿ ಹೋಟೆಲಿನ ಊಟ, ವಸತಿ

ಮೊದಲ ರಾತ್ರಿ ಅಮ್ಮ ಬರೀ ಅನ್ನ ಸಾಕು ಅಂದದ್ದೇ ತಡ, ಹೋಟೆಲಿನ ಯಜಮಾನಿಯ ಮುಖ ಸಣ್ಣದಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು "ಹುಷಾರಿಲ್ವಾ?" ಅನ್ನುವಂತೆ ಸನ್ನೆ ಮಾಡಿದರು. ಆಮೇಲೆ ಗೊತ್ತಾಯಿತು, ಇಟಲಿಯವರಿಗೆ 'ರೀಸೊ ಇನ್ ಬಿಯಾಂಕೊ', ಅಂದರೆ ಬಿಳಿ ಅನ್ನ, ಹೊಟ್ಟೆ ಕೆಟ್ಟವರ ಪಥ್ಯ. ನಮ್ಮಲ್ಲಿ ಗಂಜಿ ಇದ್ದ ಹಾಗೆ. ಅಮ್ಮ ನಗುತ್ತಾ ಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದರು. ಯಜಮಾನಿ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಅಡುಗೆಮನೆಯಲ್ಲಿದ್ದ ಅತ್ತೆಯನ್ನು ಕೂಗಿ ಕರೆದರು. ಅಲ್ಲಿಂದ ಮುಂದೆ ಆರೂ ದಿನ ನಮಗೆ ಊಟದ ಚಿಂತೆ ಆಗಲಿಲ್ಲ.

ಊರು ಚೆಸೆನಾಟಿಕೊ. ಇಟಲಿಯ ಪೂರ್ವ ಕರಾವಳಿ, ಆಡ್ರಿಯಾಟಿಕ್ ಸಮುದ್ರ, ರಿಮಿನಿ ಮತ್ತು ರವೆನ್ನಾ ನಡುವೆ. ಈ ಪಟ್ಟಿಯುದ್ದಕ್ಕೂ ಗಂಡ, ಹೆಂಡತಿ, ಮಗ, ಅತ್ತೆ ಸೇರಿ ನಡೆಸುವ ಸಣ್ಣ ಹೋಟೆಲುಗಳು ಸಾಲುಸಾಲಾಗಿವೆ. ಕೆಳಗೆ ಊಟದ ಹಾಲ್, ಮೇಲೆ ಮೂರು ನಾಲ್ಕು ಮಹಡಿ ರೂಮು. ವಿದೇಶಿಯರಿಗಿಂತ ಇಟಲಿಯವರೇ ಜಾಸ್ತಿ. ವೆನಿಸ್, ರೋಮ್ ಗದ್ದಲದಲ್ಲಿ ಸುಸ್ತಾದವರು ಇಂಥ ಕಡೆ ನಾಲ್ಕು ದಿನ ಕೂರಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಕೆಲವು ವಿಷಯ ಮೊದಲೇ ತಿಳಿದಿರಲಿ.

ತಲುಪುವುದು ಸುಲಭ. ನಾವು ಬೆಂಗಳೂರಿನಿಂದ ದುಬೈ ಮೂಲಕ ಬೊಲೋನ್ಯಾಕ್ಕೆ ಹೋದೆವು. ವಿಮಾನ ನಿಲ್ದಾಣದಿಂದ ಮುಖ್ಯ ರೈಲು ನಿಲ್ದಾಣಕ್ಕೆ ಮಾರ್ಕೋನಿ ಎಕ್ಸ್‌ಪ್ರೆಸ್ ಅನ್ನುವ ಮೊನೊರೈಲು ಇದೆ, ಏಳೆಂಟು ನಿಮಿಷದ ದಾರಿ. ಅಲ್ಲಿಂದ ರಿಮಿನಿಗೆ ರೈಲು, ರಿಮಿನಿಯಲ್ಲಿ ಬದಲಿಸಿ ರವೆನ್ನಾ ಕಡೆಯ ಲೋಕಲ್ ರೈಲು ಹಿಡಿದರೆ ಚೆಸೆನಾಟಿಕೊ. ಕಾಗದದ ಲೋಕಲ್ ಟಿಕೆಟ್ ಇದ್ದರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮೆಷಿನ್ನಿನಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟಬೇಕಾದೀತು.

ಬುಕಿಂಗ್ ಮಾಡುವಾಗ ಒಂದು ಮಾತು ನೆನಪಿಡಿ: 'ಮೆಜ್ಜಾ ಪೆನ್ಸಿಯೋನೆ', ಅಂದರೆ ಅರ್ಧ ಊಟದ ವಸತಿ. ರೂಮು, ಬೆಳಗಿನ ತಿಂಡಿ, ಒಂದು ಹೊತ್ತಿನ ಊಟ, ಸಾಮಾನ್ಯವಾಗಿ ರಾತ್ರಿಯದು. ಮೂರೂ ಹೊತ್ತು ಸೇರಿದರೆ 'ಪೆನ್ಸಿಯೋನೆ ಕೊಂಪ್ಲೇತಾ'. ಮಧ್ಯಾಹ್ನ ನೀವು ಎಲ್ಲಾದರೂ ಸುತ್ತುತ್ತಿರುತ್ತೀರಿ, ಹಾಗಾಗಿ ಅರ್ಧವೇ ಸಾಕು. ಜೂನ್ ಮೊದಲ ಭಾಗದಲ್ಲಿ ನಮಗೆ ತಲೆಗೆ ದಿನಕ್ಕೆ 70 ಯೂರೋ ಆಸುಪಾಸು ಬಿತ್ತು. ಆಗಸ್ಟ್‌ನಲ್ಲಿ ಹೋಗಬೇಡಿ. ಆಗಸ್ಟ್ 15 ಅವರ 'ಫೆರ್ರಾಗೊಸ್ತೊ' ಹಬ್ಬ, ಇಡೀ ಇಟಲಿ ಸಮುದ್ರಕ್ಕೆ ಇಳಿದಿರುತ್ತದೆ. ದರವೂ ಏರಿರುತ್ತದೆ, ಒಂದು ವಾರಕ್ಕಿಂತ ಕಡಿಮೆ ಉಳಿಯುವವರಿಗೆ ರೂಮು ಸಿಗುವುದೇ ಕಷ್ಟ. ಸೆಪ್ಟೆಂಬರ್ ಮೊದಲೆರಡು ವಾರ ಒಳ್ಳೆಯದು, ನೀರು ಇನ್ನೂ ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ಹೆಚ್ಚಿನವು ಬಾಗಿಲು ಹಾಕಿರುತ್ತವೆ.

ನೇರವಾಗಿ ಹೋಟೆಲಿಗೇ ಇಮೇಲ್ ಬರೆಯಿರಿ. ಷೆಂಗೆನ್ ವೀಸಾಕ್ಕೆ ಬುಕಿಂಗ್ ಪತ್ರ ಬೇಕಲ್ಲ, ಅದರಲ್ಲಿ ಎಲ್ಲರ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರಲಿ. ಅಮ್ಮನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಾಗಿ ನಾವು ಎರಡು ಸಲ ಪತ್ರ ತರಿಸಿಕೊಂಡೆವು. ಇನ್ನು 'ವಿಸ್ತಾ ಮಾರೆ' ಅಂದರೆ ಸಮುದ್ರ ಕಾಣುವ ರೂಮು. 'ಲತೆರಾಲೆ' ಅನ್ನುವ ಪದ ಜೊತೆಗಿದ್ದರೆ ಸಮುದ್ರ ಪಕ್ಕಕ್ಕೆ ಕಾಣುತ್ತದೆ ಅಂತ ಅರ್ಥ. ನಮ್ಮದು ಅದೇ. ಬಾಲ್ಕನಿಯ ಮೂಲೆಗೆ ಹೋಗಿ ಕತ್ತು ಚಾಚಿದರೆ ಒಂದು ಬೆರಳಗಲ ನೀಲಿ ಕಾಣುತ್ತಿತ್ತು! ಸುಮ್ನೆ ದುಡ್ಡು ಜಾಸ್ತಿ ಕೊಟ್ಟೆವು. ರೂಮು ಚಿಕ್ಕದು, ಲಿಫ್ಟಿನಲ್ಲಿ ಇಬ್ಬರು ಮತ್ತು ಒಂದು ಸೂಟ್‌ಕೇಸ್ ಹಿಡಿಸಿದರೆ ಹೆಚ್ಚು. ನಮ್ಮವರಿಗೆ ಸಮಾಧಾನದ ವಿಷಯವೂ ಇದೆ: ಬಾತ್‌ರೂಮಿನಲ್ಲಿ 'ಬಿಡೆ', ಅಂದರೆ ಶೌಚದ ನಂತರ ತೊಳೆದುಕೊಳ್ಳುವ ನಲ್ಲಿಯಿರುವ ತೊಟ್ಟಿ, ಇರುತ್ತದೆ, ನೀರಿಗೆ ಪರದಾಡಬೇಕಿಲ್ಲ.

ಈಗ ಊಟ. ರಾತ್ರಿ ಏಳೂವರೆಗೆ ಗಂಟೆ ಬಾರಿಸುತ್ತಿದ್ದರು, ನಿಜವಾದ ಗಂಟೆ. ಮದುವೆ ಪಂಕ್ತಿಯ ಹಾಗೆ ಎಲ್ಲರೂ ಒಟ್ಟಿಗೆ ಕೂರಬೇಕು. ಎಂಟೂವರೆಗೆ ಬಂದು ಮೆನು ಕೊಡಿ ಅಂದರೆ ನಡೆಯುವುದಿಲ್ಲ. ಬಂದ ದಿನ ಕೊಟ್ಟ ಟೇಬಲ್ಲೇ ಹೊರಡುವವರೆಗೆ ನಿಮ್ಮದು. ಬೆಳಗಿನ ತಿಂಡಿಯ ಹೊತ್ತಿಗೆ ಒಂದು ಚೀಟಿ ಇಟ್ಟಿರುತ್ತಾರೆ, ಅದರಲ್ಲಿ ರಾತ್ರಿಗೆ ಏನು ಬೇಕೋ ಗುರುತು ಹಾಕಿ ಕೊಡಬೇಕು. ನೀರು, ವೈನ್ ಬೆಲೆ ಬೇರೆ. ನಾವು ಮೊದಲ ರಾತ್ರಿ ಒಂದು ಬಾಟಲಿ ನೀರನ್ನು ಅರ್ಧಕ್ಕೇ ಬಿಟ್ಟು ಎದ್ದೆವು. ಮಾರನೇ ದಿನ ಅದೇ ಬಾಟಲಿ, ಮೇಲೆ ಪೆನ್ನಿನಲ್ಲಿ ನಮ್ಮ ರೂಮ್ ನಂಬರ್ 23 ಬರೆದು, ಟೇಬಲ್ ಮೇಲೆ ಕೂತಿತ್ತು. ಪಕ್ಕದ ಟೇಬಲ್ಲಿನ ಮುದುಕ ದಂಪತಿ ಒಂದು ವೈನ್ ಬಾಟಲಿಯನ್ನು ಹೀಗೆ ಮೂರು ರಾತ್ರಿ ಓಡಿಸಿದರು. ನನಗೆ ಈ ಲೆಕ್ಕಾಚಾರ ಬಹಳ ಇಷ್ಟವಾಯಿತು.

ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಓದಿ. 'ವೆಜಿಟೇರಿಯನ್' ಅಂದರೆ ಸಾಲದು. ಬುಕಿಂಗ್ ಇಮೇಲಿನಲ್ಲೇ ಒಂದೊಂದಾಗಿ ಬರೆಯಿರಿ: ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರು ಬೇಡ, ಹಂದಿ ಕೊಬ್ಬು ಬೇಡ, ಮೊಟ್ಟೆ ತಿನ್ನದಿದ್ದರೆ ಅದೂ ಬೇಡ. ಯಾಕೆಂದರೆ ನಾವು ಮೋಸ ಹೋದದ್ದು ಹೋಟೆಲಿನಲ್ಲಿ ಅಲ್ಲ, ಬೀದಿಯಲ್ಲಿ. ಈ ಸೀಮೆಯ ಹೆಸರಾಂತ ತಿಂಡಿ ಪಿಯಾದೀನಾ, ನೋಡಲು ನಮ್ಮ ಮೈದಾ ಚಪಾತಿಯೇ. ಒಳಗೆ ಸ್ಕ್ವಾಕ್ವೆರೋನೆ ಅನ್ನುವ ಮೆತ್ತನೆಯ ಚೀಸು ಮತ್ತು ರುಕೋಲಾ ಸೊಪ್ಪು. ಬಂದಿಳಿದ ಮಧ್ಯಾಹ್ನವೇ ಒಂದು ಗೂಡಂಗಡಿಯಲ್ಲಿ ಮಾಂಸ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಅಮ್ಮನಿಗೆ ಕೊಡಿಸಿದೆ. ಅರ್ಧ ತಿಂದ ಮೇಲೆ ಗೋಡೆಯ ಬೋರ್ಡಿನಲ್ಲಿ 'ಸ್ಟ್ರುತ್ತೊ' ಅನ್ನುವ ಪದ ಕಂಡು ಮೊಬೈಲಿನಲ್ಲಿ ನೋಡಿದರೆ, ಹಂದಿ ಕೊಬ್ಬು. ಹಿಟ್ಟಿಗೇ ಕಲಸುತ್ತಾರೆ, ಅದೇ ಅವರ ಹಳೆಯ ಪದ್ಧತಿ. ಅಮ್ಮ ಏನೂ ಅನ್ನಲಿಲ್ಲ, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಆ ಮೌನಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಎಣ್ಣೆ ಹಾಕಿ ಮಾಡಿದ ಪಿಯಾದೀನಾ ಕೂಡ ಸಿಗುತ್ತದೆ, 'ಅಲ್ಲೊಲಿಯೊ' ಅಂತ ಕೇಳಿ ತೆಗೆದುಕೊಳ್ಳಿ.

ಪಾರ್ಮೆಸಾನ್ ಚೀಸಿಗೂ ಹೀಗೇ. ಅಸಲಿ ಪಾರ್ಮಿಜಾನೊ ರೆಜ್ಜಾನೊ ಮಾಡಲು ಹಾಲು ಒಡೆಯಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಿನವರು ಬೇಡ ಅನ್ನಿ. ಹಾಂ, ಮೆನುವಿನಲ್ಲಿ 'ಪೆಪೆರೋನಿ' ಅಂತ ಕಂಡರೆ ಹೆದರಬೇಡಿ, ಪಿಜ್ಜಾದ ಮೇಲೆ ಹಾಕುವ ಮಾಂಸದ ಪೆಪೆರೋನಿ ಅಲ್ಲ, ಅದು ದಪ್ಪ ಮೆಣಸಿನಕಾಯಿ ಅಷ್ಟೆ.

ಹಾಗಾದರೆ ತಿಂದದ್ದೇನು? ಪ್ರತಿ ರಾತ್ರಿ ಮೊದಲಿಗೆ ತರಕಾರಿ ಬಫೆ: ಸುಟ್ಟ ಬದನೆಕಾಯಿ, ಸೌತೆ, ಹುರುಳಿಕಾಯಿ, ಟೊಮೆಟೊ, ಬೇಯಿಸಿದ ಆಲೂಗಡ್ಡೆ. ಆಮೇಲೆ ಪಾಸ್ತಾ. ಈ ಸೀಮೆಯ ತಾಜಾ ಪಾಸ್ತಾ ಹೆಚ್ಚಾಗಿ ಮೊಟ್ಟೆ ಹಾಕಿ ಮಾಡಿದ್ದು. ಆದರೆ ಸ್ಟ್ರೊತ್ಸಪ್ರೇತಿ ಅಂತ ಒಂದಿದೆ, ಸಾಮಾನ್ಯವಾಗಿ ಹಿಟ್ಟು, ನೀರು, ಉಪ್ಪು ಇಷ್ಟೇ. ಕೈಯಲ್ಲಿ ಹೊಸೆದು ತುಂಡು ಮಾಡಿದ್ದು. ಹೆಸರಿನ ಅರ್ಥ 'ಪಾದ್ರಿಯ ಕತ್ತು ಹಿಸುಕುವವ' ಅಂತೆ! ಟೊಮೆಟೊ, ಬೆಳ್ಳುಳ್ಳಿ, ತುಳಸಿ ಜಾತಿಯ ಬೇಸಿಲ್ ಸೊಪ್ಪಿನ ಸಾಸ್ ಜೊತೆ ಅಮ್ಮ ಎರಡನೇ ಸಲವೂ ಹಾಕಿಸಿಕೊಂಡರು. ನಾನು ಮೀನು ತಿನ್ನುವವನು, ಹೆಂಡತಿಯೂ ಅಷ್ಟೆ. ನಮಗೆ ಸಣ್ಣ ಮೀನು ಸುಟ್ಟದ್ದು, ಮರುವಾಯಿ ಹಾಕಿದ ಪಾಸ್ತಾ, ಒಂದು ರಾತ್ರಿ ಬ್ರೊದೆತ್ತೊ ಅನ್ನುವ ಮೀನಿನ ಸಾರು. ಸಾರಿನಲ್ಲಿ ಖಾರ ಇಲ್ಲ, ಹುಳಿ ಇದೆ.

ನಾಲ್ಕನೇ ದಿನ ಸಂಜೆ ಯಜಮಾನಿಯ ಅತ್ತೆ ಅಮ್ಮನನ್ನು ಕೈಹಿಡಿದು ಅಡುಗೆಮನೆಗೆ ಕರೆದೊಯ್ದರು. ಮನೆ, ಅಡುಗೆ ನಿಭಾಯಿಸುವ ಹಿರಿಯ ಹೆಂಗಸಿಗೆ ಅಲ್ಲಿನ ಆಡುಮಾತಿನಲ್ಲಿ 'ಅಜ್‌ದೋರಾ' ಅನ್ನುತ್ತಾರೆ. ಅವರು ಬ್ರೆಡ್ ಪುಡಿ, ಚೀಸು, ಮೊಟ್ಟೆ, ಜಾಯಿಕಾಯಿ ಸೇರಿಸಿ ಕಲಸಿದ ಮುದ್ದೆಯನ್ನು ತೂತಿನ ಒರಳಿಗೆ ತುಂಬಿ ಒತ್ತಿದರು. ದಪ್ಪ ಎಳೆಗಳು ಕೆಳಗಿಳಿದವು. ಅದರ ಹೆಸರು ಪಸ್ಸತೆಲ್ಲಿ. "ಇದು ನಮ್ಮ ಶಾವಿಗೆ ಒರಳೇ ಅಲ್ವೇನೋ" ಅಂತ ಅಮ್ಮ ಹಿಡಿ ತಮ್ಮ ಕೈಗೆ ತೆಗೆದುಕೊಂಡು ತಾವೂ ಒತ್ತಿದರು. ತಿನ್ನುವ ಹಾಗಿರಲಿಲ್ಲ, ಮೊಟ್ಟೆ, ಮೇಲೆ ಮಾಂಸದ ಸಾರು. ಒತ್ತಿದ್ದೇ ಖುಷಿ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರದು, ಆದರೂ ಅರ್ಧ ಗಂಟೆ ಮಾತಾಡಿದರು.

ಸಮುದ್ರದ ಬಗ್ಗೆ ಹೇಳಲು ಹೆಚ್ಚಿಲ್ಲ. ಮರಳು ನಯ, ನೀರು ದೂರದವರೆಗೂ ಮೊಣಕಾಲು ಮಟ್ಟ, ವಯಸ್ಸಾದವರಿಗೂ ಮಕ್ಕಳಿಗೂ ಅನುಕೂಲ. ದಡದ ಹೆಚ್ಚಿನ ಭಾಗ ನಂಬರ್ ಹಾಕಿದ 'ಬಾನ್ಯೊ', ಅಂದರೆ ಖಾಸಗಿಯವರು ನಡೆಸುವ ಸ್ನಾನದ ತಾಣಗಳ ಕೈಯಲ್ಲಿದೆ, ಕೊಡೆ ಮತ್ತು ಕುರ್ಚಿಗೆ ಬಾಡಿಗೆ ಕೊಡಬೇಕು. ನೀರಿಗೆ ಹತ್ತಿರದ ಸಾಲು ದುಬಾರಿ. ಹೋಟೆಲಿನವರಿಗೆ ಯಾವುದಾದರೂ ಒಂದರ ಜೊತೆ ಒಪ್ಪಂದ ಇರುತ್ತದೆ, ಕೇಳಿ.

ಸಂಜೆ ಬಂದರಿನ ಕಾಲುವೆಯ ಪಕ್ಕ ನಡೆಯಿರಿ. 1502ರಲ್ಲಿ ಲಿಯೊನಾರ್ಡೊ ಡಾ ವಿಂಚಿ, ಆಗ ಈ ಸೀಮೆಯನ್ನು ಆಳುತ್ತಿದ್ದ ಚೆಸಾರೆ ಬೋರ್ಜಾನ ಕೆಲಸದ ಮೇಲೆ ಇಲ್ಲಿಗೆ ಬಂದು ಈ ಬಂದರಿನ ನಕ್ಷೆ ಬರೆದ. ನೀರಿನಲ್ಲೇ ಹಳೆಯ ದೋಣಿಗಳ ಮ್ಯೂಸಿಯಂ ಇದೆ. ಹಳದಿ, ಕಾವಿ ಬಣ್ಣದ ಹಾಯಿಗಳ ಮೇಲೆ ಒಂದೊಂದು ಮೀನುಗಾರ ಮನೆತನದ ಗುರುತು. ದೂರದಿಂದಲೇ ಯಾರ ದೋಣಿ ಬರುತ್ತಿದೆ ಅಂತ ಮನೆಯವರಿಗೆ ತಿಳಿಯಲಿ ಅಂತ. ಒಂದು ದಿನ ರವೆನ್ನಾಕ್ಕೂ ಹೋಗಿ ಬನ್ನಿ, ಸಾನ್ ವಿತಾಲೆ ಚರ್ಚಿನ ಮೊಸಾಯಿಕ್, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರಗಳನ್ನು ನೋಡಲು. ರಾತ್ರಿ ಊಟಕ್ಕೆ ಬರುವುದಿಲ್ಲವಾದರೆ ಬೆಳಿಗ್ಗೆಯೇ ಹೇಳಿಬಿಡಿ, ಇಲ್ಲದಿದ್ದರೆ ನಿಮಗಾಗಿ ಅಡುಗೆ ಮಾಡಿಟ್ಟು ಕಾಯುತ್ತಾರೆ.

ಮನೆಯಿಂದ ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ತುಪ್ಪ, ಪೇಡ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಯುರೋಪಿನಲ್ಲಿ ನಿಷೇಧ ಇದೆ. ಮೊಸರಿಗೆ ಅಂಗಡಿಯಲ್ಲಿ 'ಯೋಗುರ್ತ್ ಬಿಯಾಂಕೊ' ಕೇಳಿ, ಸಕ್ಕರೆ ಹಾಕಿಲ್ಲ ಅಂತ ನೋಡಿಕೊಳ್ಳಿ.

ಕೊನೆಯ ದಿನಕ್ಕೆ ಚಿಲ್ಲರೆ ಇಟ್ಟುಕೊಂಡಿರಿ. 'ತಾಸ್ಸಾ ದಿ ಸೊಜ್ಜೋರ್ನೊ' ಅಂತ ಊರಿನ ತೆರಿಗೆ ಇರುತ್ತದೆ, ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ. ಬುಕಿಂಗ್ ದರದಲ್ಲಿ ಅದು ಸೇರಿರಲಿಲ್ಲ, ನಮ್ಮಲ್ಲಿ ನಗದೇ ಕೇಳಿದರು. ಬಿಲ್ಲಿನಲ್ಲಿ ಆರು ರಾತ್ರಿಗೆ ನೀರಿನ ಬಾಟಲಿ ನಾಲ್ಕೇ ಬರೆದಿತ್ತು. ಅಮ್ಮ ಚಟ್ನಿಪುಡಿ ಡಬ್ಬಿಯನ್ನು ಅಡುಗೆಮನೆಯಲ್ಲೇ ಬಿಟ್ಟರು. ಅಜ್‌ದೋರಾ ಅದರ ಮೇಲೂ ಪೆನ್ನಿನಲ್ಲಿ 23 ಅಂತ ಬರೆದಿಟ್ಟರು.